ಗ್ರೇಟೆಸ್ಟ್ ಹಿಟ್ಸ್ ಸಿಡಿಯಲ್ಲಿ ಹಾಡು ಬೇರೆಯಾಗಿ ಕೇಳಿಸುವುದೇಕೆ?

ಪ್ರಶ್ನೆ: ಪುಣೆಯ ಜುನಾ ಬಾಜಾರಿನಲ್ಲಿ ಅಮೆರಿಕದ ಪಾಪ್ ಗಾಯಕಿ ಮಡೋನಾ ಅವರ ಹಿಟ್ ಹಾಡುಗಳ ಸಂಕಲನ (ಗ್ರೇಟೆಸ್ಟ್ ಹಿಟ್ಸ್) ‘ದಿ ಇಮ್ಯಾಕ್ಯುಲೇಟ್ ಕಲೆಕ್ಷನ್’ ಸಿಡಿ ಸಿಕ್ಕಿತು. ಧಾರವಾಡದಲ್ಲಿ ಕಾಲೇಜು ಓದುವಾಗ ಅವರ ಹಳೆಯ ಆಲ್ಬಂಗಳ ಕ್ಯಾಸೆಟ್ ಕೇಳಿ ಕೇಳಿ ಪ್ರತಿಯೊಂದು ಹಾಡೂ ಬಾಯಿಪಾಠವಾಗಿತ್ತು. ಈಗ ಸಿಡಿ ಹಾಕಿದರೆ ‘ಹಾಲಿಡೇ’ ಹಾಡು ಅರ್ಧಕ್ಕೇ ನಿಂತಂತಾಗುತ್ತದೆ. ‘ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್’ ಹಾಡಿನ ಹಿಮ್ಮೇಳವೇ ಬೇರೆ. ಇಯರ್‌ಫೋನಿನಲ್ಲಿ ಕೇಳಿದರೆ ವಾದ್ಯಗಳು ಎಲ್ಲೆಲ್ಲೋ ಚದುರಿದಂತಿವೆ. ಕ್ಯಾಸೆಟ್‌ಗೆ ಹೋಲಿಸಿದರೆ ಎಲ್ಲವೂ ತುಸು ನಿಧಾನ, ಶ್ರುತಿಯೂ ಇಳಿದಂತೆ ಅನಿಸುತ್ತದೆ. ಇದು ನಕಲಿ ಸಿಡಿಯೇ? ನಾನು ಕೇಳಿದ್ದ ಹಾಡುಗಳೇ ಬೇಕೆಂದರೆ ಏನು ಕೊಳ್ಳಬೇಕು? ಹಳೆಯ ಕ್ಯಾಸೆಟ್‌ಗಳಿಗೆ ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿದಿದೆ, ಅವನ್ನು ಉಳಿಸಿಕೊಳ್ಳಬಹುದೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ನೀವು ಬರೆದ ಲಕ್ಷಣಗಳಲ್ಲಿ ಒಂದೂ ನಕಲಿ ಸಿಡಿಯ ಗುರುತಲ್ಲ. ಮೊದಲ ಮೂರು ಆ ಆಲ್ಬಂ ತಯಾರಾದ ರೀತಿಯಿಂದಲೇ ಬಂದವು. ನಾಲ್ಕನೆಯದಕ್ಕೆ ಬಹುಮಟ್ಟಿಗೆ ನಿಮ್ಮ ಟೇಪ್‌ರೆಕಾರ್ಡರಿನ ವೇಗವೇ ಕಾರಣವಿರಬೇಕು. ಆದರೂ ಬಾಜಾರಿನಿಂದ ತಂದ ಡಿಸ್ಕನ್ನು ಒಮ್ಮೆ ಪರೀಕ್ಷಿಸಿಬಿಡುವುದು ಒಳ್ಳೆಯದು. ಅದರ ಕ್ರಮ ಮುಂದೆ ಇದೆ.

ಒಂದು ಹಾಡು ಎಂದು ನಾವು ಹೇಳುವುದಕ್ಕೆ ರೆಕಾರ್ಡಿಂಗ್ ಕಂಪನಿಯ ಕಪಾಟಿನಲ್ಲಿ ನಾಲ್ಕೈದು ರೂಪಗಳಿರುತ್ತವೆ. ಆಲ್ಬಂಗೆಂದು ಮಾಡಿದ ಪೂರ್ತಿ ರೂಪ ಒಂದು. ರೇಡಿಯೊದವರು ಹಾಕಲೆಂದು ಕತ್ತರಿಸಿದ ಸಿಂಗಲ್ ಇನ್ನೊಂದು. ಡಿಸ್ಕೊಗಳಲ್ಲಿ ಕುಣಿಯುವವರಿಗಾಗಿ ಹಿಗ್ಗಿಸಿದ 12 ಇಂಚಿನ ರೆಕಾರ್ಡಿನದು ಮತ್ತೊಂದು. ವಿಡಿಯೊಗೆ ಬಳಸಿದ ರೀಮಿಕ್ಸ್ ಬೇರೆಯೇ ಇರಬಹುದು. ಹಿಟ್ ಆದದ್ದು ರೇಡಿಯೊದಲ್ಲಿ, ಟೀವಿಯಲ್ಲಿ ಬಂದ ರೂಪ. ಆದ್ದರಿಂದ ಗ್ರೇಟೆಸ್ಟ್ ಹಿಟ್ಸ್ ಜೋಡಿಸುವವರು ಹೆಚ್ಚಾಗಿ ಅದನ್ನೇ ಆಯುತ್ತಾರೆ. ನೀವು ಬಾಯಿಪಾಠ ಮಾಡಿಕೊಂಡದ್ದು ಆಲ್ಬಂ ರೂಪ. ಹಳೆಯ ಕೇಳುಗರಿಗೆ ಸಂಕಲನ ಕೇಳಿದಾಗ ಆಗುವ ಕಸಿವಿಸಿಯ ಮೂಲ ಇಲ್ಲಿದೆ. ಸಂಕಲನ ಕೊಳ್ಳುವ ಮೊದಲು ‘ಯಾವ ಹಾಡುಗಳಿವೆ’ ಎಂದು ನೋಡಿದರೆ ಸಾಲದು, ‘ಯಾವ ರೂಪದಲ್ಲಿವೆ’ ಎಂದೂ ನೋಡಬೇಕು.

ನಿಮ್ಮ ಸಿಡಿಯ ವಿಷಯಕ್ಕೆ ಬರೋಣ. ‘ದಿ ಇಮ್ಯಾಕ್ಯುಲೇಟ್ ಕಲೆಕ್ಷನ್’ ಬಂದದ್ದು 1990ರ ನವೆಂಬರಿನಲ್ಲಿ. ಒಟ್ಟು 17 ಹಾಡುಗಳು. 15 ಹಳೆಯವು, 2 ಹೊಸವು. ಹಳೆಯ ಹಾಡುಗಳೆಲ್ಲ ಮನೆಯಲ್ಲಿರುವ ಅಭಿಮಾನಿಯೂ ಕೊಳ್ಳಲಿ ಎಂದು ಒಂದೆರಡು ಹೊಸದನ್ನು ಸೇರಿಸುವುದು ಇಂಥ ಆಲ್ಬಂಗಳ ಹಳೆಯ ಪದ್ಧತಿ. 17 ಹಾಡು ಒಂದೇ ಸಿಡಿಯಲ್ಲಿ ಹಿಡಿಸಬೇಕೆಂದಾಗಲೇ ಕತ್ತರಿಯ ಕೆಲಸ ಶುರುವಾಯಿತು. ಆ ಕಾಲಕ್ಕೆ ಒಂದು ಸಿಡಿಯ ಸಾಮಾನ್ಯ ಮಿತಿ 74 ನಿಮಿಷ. ಈ ಆಲ್ಬಂ 73 ನಿಮಿಷ ದಾಟುತ್ತದೆ, ಅಂದರೆ ಡಿಸ್ಕಿನಲ್ಲಿ ಉಸಿರಾಡಲೂ ಜಾಗವಿಲ್ಲ. 1983ರ ಮೊದಲ ಆಲ್ಬಂನಲ್ಲಿ ‘ಹಾಲಿಡೇ’ 6 ನಿಮಿಷ ಮೀರುತ್ತದೆ, ಇಲ್ಲಿ 4 ನಿಮಿಷದ ಆಸುಪಾಸು. ಹೋಗಿರುವುದು ಹೆಚ್ಚಾಗಿ ವಾದ್ಯಗಳಷ್ಟೇ ನುಡಿಯುವ ಭಾಗ ಮತ್ತು ಪಲ್ಲವಿಯನ್ನು ಮತ್ತೆ ಮತ್ತೆ ಹಾಡುವ ಕೊನೆಯ ಭಾಗ. ಬೇರೆ ಕೆಲವು ಹಾಡುಗಳಲ್ಲೂ ಸದ್ದು ಮೆಲ್ಲಗೆ ಇಳಿದು ಮಾಯವಾಗುವ ಜಾಗ ಮೂಲಕ್ಕಿಂತ ಮೊದಲೇ ಬರುತ್ತದೆ. ಗಡಿಯಾರ ಹಿಡಿದು ಕೂತರೆ ತಿಳಿಯುತ್ತದೆ.

‘ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್’ ಕಥೆ ಇನ್ನೂ ಸ್ವಾರಸ್ಯದ್ದು. 1989ರ ‘ಲೈಕ್ ಎ ಪ್ರೇಯರ್’ ಆಲ್ಬಂನಲ್ಲಿ ಅದು ತುತ್ತೂರಿ, ಡ್ರಮ್ಸ್ ಇರುವ ಮೇಳದ ಹಾಡು. ನಾಲ್ಕೂವರೆ ನಿಮಿಷ ಮೀರುತ್ತದೆ. ವಿಡಿಯೊಗೆ ಬಳಸಿದ್ದು ಶೆಪ್ ಪೆಟ್ಟಿಬೋನ್ ಮಾಡಿದ ರೀಮಿಕ್ಸ್. ಮಡೋನಾ ಅವರ ದನಿ ಅದೇ, ಕೆಳಗಿನ ತಾಳ, ಬೇಸ್, ಕೀಬೋರ್ಡ್ ಎಲ್ಲ ಹೊಸದು. ಜಗತ್ತಿಗೆ ಹಿಟ್ ಎಂದು ಗೊತ್ತಾದದ್ದು ಆ ವಿಡಿಯೊ ರೂಪ. ಹಾಗಾಗಿ ಸಂಕಲನಕ್ಕೆ ಹೋದದ್ದೂ ಅದೇ. ‘ಲೈಕ್ ಎ ಪ್ರೇಯರ್’ ಹಾಡಿನದೂ ಇಲ್ಲಿರುವುದು ರೀಮಿಕ್ಸೇ. ನನ್ನ ಮಟ್ಟಿಗೆ ‘ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್’ ಹಾಡಿಗೆ ಆಲ್ಬಂ ರೂಪವೇ ಮೇಲು. ಆ ತುತ್ತೂರಿಗಳು ಹಾಡಿಗೆ ಕೊಡುವ ಗತ್ತು ರೀಮಿಕ್ಸಿನಲ್ಲಿಲ್ಲ. ಆದರೆ ರೀಮಿಕ್ಸನ್ನೇ ಮೊದಲು ಕೇಳಿ ಬೆಳೆದವರು ಇದನ್ನು ಖಂಡಿತ ಒಪ್ಪುವುದಿಲ್ಲ.

ಇನ್ನು ವಾದ್ಯಗಳು ಚದುರಿದಂತೆ ಕೇಳಿಸುವುದು. ಹಳೆಯ ಹಾಡುಗಳನ್ನು ಈ ಆಲ್ಬಂಗಾಗಿ ಕ್ಯೂಸೌಂಡ್ ಎಂಬ ವಿಧಾನದಲ್ಲಿ ಮತ್ತೆ ಮಿಕ್ಸ್ ಮಾಡಿದ್ದರು. ಎಡ ಬಲ ಎರಡೇ ಸ್ಪೀಕರ್ ಇದ್ದರೂ ಅವುಗಳ ಆಚೆಯಿಂದ, ಪಕ್ಕದಿಂದ ಸದ್ದು ಬಂದಂತೆ ಕಿವಿಗೆ ಭ್ರಮೆ ಹುಟ್ಟಿಸುವ ತಂತ್ರ ಅದು. ಎರಡು ಕಡೆಯ ಸದ್ದಿನ ಮಟ್ಟವನ್ನೂ ಅಲೆಗಳ ಹಿಂದುಮುಂದನ್ನೂ ಸೂಕ್ಷ್ಮವಾಗಿ ಬದಲಿಸಿ ಇದನ್ನು ಸಾಧಿಸುತ್ತಾರೆ. ಇದೆಲ್ಲ ಲೆಕ್ಕ ಹಾಕಿರುವುದು ಸ್ಪೀಕರ್ ಎದುರು ಕೂತವರಿಗೆ. ಸ್ಪೀಕರಿನಲ್ಲಿ ಎಡದ ಸದ್ದು ಬಲಗಿವಿಗೂ ಸ್ವಲ್ಪ ಮುಟ್ಟುತ್ತದೆ. ಇಯರ್‌ಫೋನಿನಲ್ಲಿ ಮುಟ್ಟುವುದಿಲ್ಲ, ಲೆಕ್ಕ ತಪ್ಪುತ್ತದೆ. ಎರಡು ಸ್ಪೀಕರುಗಳನ್ನು 6 ಅಡಿ ಅಂತರದಲ್ಲಿಟ್ಟು, ಎರಡರಿಂದಲೂ 6 ಅಡಿ ದೂರದಲ್ಲಿ, ಸರಿಯಾಗಿ ನಡುವೆ ಕೂತು ಕೇಳಿ ನೋಡಿ. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರಿನಲ್ಲಿ ಈ ತಂತ್ರದ ಪ್ರಯೋಜನ ಸಿಗುವುದಿಲ್ಲ.

ನಿಧಾನ ಮತ್ತು ಶ್ರುತಿಯ ಪ್ರಶ್ನೆ ಬಹಳ ಮಂದಿಗೆ ಇದೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮನೆಬಳಕೆಯ ಟೂ-ಇನ್-ಒನ್‌ಗಳಲ್ಲಿ ಈ ವೇಗ ಶೇ 2–3ರಷ್ಟು ಆಚೀಚೆ ಆಗುವುದು ತೀರಾ ಮಾಮೂಲು. ಬೆಲ್ಟ್ ಸಡಿಲವಾದರೆ ನಿಧಾನ. ಮೋಟರಿನ ವೇಗ ಹೊಂದಿಸುವ ಸಣ್ಣ ಸ್ಕ್ರೂ ಸರಿದಿದ್ದರೆ ಜೋರು. ಹಾರ್ಮೋನಿಯಮ್ಮಿನ ಬಿಳಿ ಒಂದರಿಂದ ಪಕ್ಕದ ಮನೆಯಾದ ಕಪ್ಪು ಒಂದಕ್ಕೆ ಶ್ರುತಿ ಏರಲು ವೇಗ ಸುಮಾರು ಶೇ 6 ಹೆಚ್ಚಬೇಕು. ಅಂದರೆ ಶೇ 3 ಜೋರಾಗಿ ಓಡುವ ಯಂತ್ರದಲ್ಲಿ ಹಾಡು ಅರ್ಧ ಮನೆ ಮೇಲಕ್ಕೆ ಹೋಗಿರುತ್ತದೆ. ವರ್ಷಗಟ್ಟಲೆ ಅದನ್ನೇ ಕೇಳಿದ ಕಿವಿಗೆ ಸರಿಯಾದ ಶ್ರುತಿಯೇ ಇಳಿದಂತೆ ಕೇಳಿಸುತ್ತದೆ.

ಇದನ್ನು ಅಳೆದೇ ತೀರ್ಮಾನಿಸಬಹುದು. ಅಳೆಯಲು ಸಂಕಲನದ ಸಿಡಿ ಬಳಸಬೇಡಿ, ಅದರಲ್ಲಿ ಕತ್ತರಿ, ರೀಮಿಕ್ಸ್ ಎರಡೂ ಇವೆ. ಮ್ಯೂಸಿಕ್ ಆ್ಯಪಿನಲ್ಲಿ ನಿಮ್ಮ ಕ್ಯಾಸೆಟ್‌ನ ಅದೇ ಆಲ್ಬಂ ತೆರೆದು, ಅದೇ ಹಾಡಿನ ಮೊದಲ ಡ್ರಮ್ ಪೆಟ್ಟಿನಿಂದ ಕೊನೆಯ ಚರಣದ ಮೊದಲ ಪದದವರೆಗೆ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಹಿಡಿಯಿರಿ. ಕ್ಯಾಸೆಟ್‌ನಲ್ಲೂ ಅಷ್ಟೇ ಭಾಗ ಹಿಡಿಯಿರಿ. ಆ್ಯಪಿನಲ್ಲಿ 200 ಸೆಕೆಂಡ್, ಕ್ಯಾಸೆಟ್‌ನಲ್ಲಿ 194 ಬಂತೆನ್ನಿ, ನಿಮ್ಮ ಯಂತ್ರ ಶೇ 3 ಜೋರು. ಬೇರೆ ಬೇರೆ ಕ್ಯಾಸೆಟ್‌ಗಳಲ್ಲೂ ಅದೇ ವ್ಯತ್ಯಾಸ ಬಂದರೆ ತಪ್ಪು ಯಂತ್ರದ್ದು. ಒಂದು ಕ್ಯಾಸೆಟ್‌ನಲ್ಲಿ ಮಾತ್ರ ಬಂದರೆ ಆ ಕ್ಯಾಸೆಟ್ಟನ್ನು ಪ್ರತಿ ತೆಗೆದವರ ಯಂತ್ರದ್ದು.

ಈಗ ಡಿಸ್ಕ್ ಅಸಲಿಯೋ ಅಲ್ಲವೋ ನೋಡುವ ಬಗೆ. ಮೊದಲು ತಿರುಗಿಸಿ ಹಿಡಿಯಿರಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿಯ ಕೆಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಮನೆಯಲ್ಲಿ ಬರೆಯುವ ಸಿಡಿ-ಆರ್ ಆದರೆ ಹಸಿರು ಅಥವಾ ನೀಲಿ ಛಾಯೆ ಇರುತ್ತದೆ, ಬರೆದ ಭಾಗ ಮುಗಿದ ಕಡೆ ಬಣ್ಣದ ಗೆರೆಯೂ ಕಾಣಬಹುದು. ನಡುವಿನ ತೂತಿನ ಸುತ್ತ ಇರುವ ಕನ್ನಡಿಯಂಥ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಲ್ಲಿ ಕೊರೆದಿರುವ ಅಕ್ಷರ, ಅಂಕಿ ರಟ್ಟಿನ ಬೆನ್ನಿನ ಮೇಲಿನ ಕ್ಯಾಟಲಾಗ್ ಸಂಖ್ಯೆಗೆ ಹೊಂದಬೇಕು. ಅದೇ ಜಾಗದಲ್ಲಿ ಐಎಫ್‌ಪಿಐ (ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ಎಂಬ ಗುರುತು ಇಲ್ಲವೆಂದು ಗಾಬರಿ ಬೇಡ. ಆ ಗುರುತು ಬಳಕೆಗೆ ಬಂದದ್ದು 1994ರಲ್ಲಿ, 1990ರ ಮುದ್ರಣದಲ್ಲಿ ಅದು ಇರುವುದಿಲ್ಲ. ಒಳಹಾಳೆಯಲ್ಲಿ ಅತಿ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದ ಹಾಳೆಯಲ್ಲಿ ಅವುಗಳ ಅಂಚು ಕಲಸಿಹೋಗಿರುತ್ತದೆ.

ಕಣ್ಣಿಗೆ ಸರಿ ಕಂಡರೂ ಅನುಮಾನ ಹೋಗದಿದ್ದರೆ ಕಂಪ್ಯೂಟರಿನ ಸಹಾಯ ಪಡೆಯಿರಿ. ಒಂದು ಹಾಡನ್ನು ವೇವ್ ಫೈಲಾಗಿ ತೆಗೆದು ಉಚಿತ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಟ್ರ್ಯಾಕಿನ ಹೆಸರಿನ ಪಕ್ಕದ ಮೆನು ತೆರೆದು, ಸದ್ದಿನ ಕಂಪನಾಂಕಗಳನ್ನು ಬಣ್ಣದಲ್ಲಿ ತೋರಿಸುವ ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಬದಲಿಸಿ. ಸಿಡಿಯ ಸದ್ದು 20 ಕಿಲೋಹರ್ಟ್ಸ್‌ವರೆಗೂ ಹೋಗಬಲ್ಲದು, ಝಲ್ಲರಿಯ ಪ್ರತಿ ಪೆಟ್ಟಿಗೂ ಬಣ್ಣದ ಕಂಬಗಳು ಮೇಲಕ್ಕೆ ಚಿಮ್ಮುತ್ತವೆ. 128 ಕೆಬಿಪಿಎಸ್‌ನ ಎಂಪಿತ್ರೀಯಿಂದ ಮಾಡಿದ ನಕಲಿಯಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಎಲ್ಲ ಕಂಬಗಳೂ ಒಂದೇ ಮಟ್ಟದಲ್ಲಿ ಕೊಯ್ದು ಹಾಕಿದಂತೆ ನಿಲ್ಲುತ್ತವೆ, ಮೇಲೆ ಬರೀ ಕಪ್ಪು. ಕ್ಯಾಸೆಟ್‌ನಿಂದ ಮಾಡಿದ್ದಾದರೆ ಹೀಗೆ ಗೋಡೆ ಕಾಣುವುದಿಲ್ಲ. 12–14 ಕಿಲೋಹರ್ಟ್ಸ್ ಮೇಲೆ ಕಂಬಗಳು ಮಸುಕಾಗುತ್ತ ಹೋಗುತ್ತವೆ, ಹಾಡು ಶುರುವಾಗುವ ಮೊದಲೇ ಹಿಸ್ ಸದ್ದು ತುಂಬಿಕೊಂಡಿರುತ್ತದೆ.

ನಿಮ್ಮ ಸಿಡಿಗೆ ಸಂಬಂಧಿಸದಿದ್ದರೂ ಜುನಾ ಬಾಜಾರಿಗೆ ಭಾನುವಾರ, ಬುಧವಾರ ಹೋಗುವವರಿಗೆ, ಮುಂಬಯಿಯ ಚೋರ್ ಬಾಜಾರಿನ ಮಟನ್ ಸ್ಟ್ರೀಟಿನಲ್ಲಿ ರೆಕಾರ್ಡು ಕೆದಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮುಂಬಯಿಯ ಕಾಳಾ ಘೋಡಾದಲ್ಲಿದ್ದ ಸಂಗೀತದ ಅಂಗಡಿ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದ ಮೇಲೆ, ತಿಳಿದವರನ್ನು ಕೇಳಿ ಕೊಳ್ಳುವ ಅನುಕೂಲ ಬಹಳ ಕಡಿಮೆಯಾಗಿದೆ. ಸಂಕಲನಗಳಲ್ಲಿ ನಿಜಕ್ಕೂ ಮೋಸ ಹೋಗುವುದು ಮರುಹಾಡಿದ ಹಾಡುಗಳಿಂದ. ಮೂಲ ಧ್ವನಿಮುದ್ರಣದ ಒಡೆತನ ಕಂಪನಿಯದು. ಗಾಯಕರು ಕಂಪನಿ ಬಿಟ್ಟ ಮೇಲೆ, ಒಪ್ಪಂದದ ಅವಧಿ ಮುಗಿದ ಮೇಲೆ, ತಮ್ಮದೇ ಹಿಟ್‌ಗಳನ್ನು ಬೇರೆ ಕಡೆ ಮತ್ತೆ ಹಾಡಿಕೊಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಟೇಲರ್ ಸ್ವಿಫ್ಟ್ 2021ರಿಂದ ತಮ್ಮ ಹಳೆಯ ಆಲ್ಬಂಗಳನ್ನು ಹೀಗೆ ಹಾಡಿ ಹೊರತಂದಾಗ ಆಲ್ಬಂ ಹೆಸರಿನಲ್ಲೇ ಅದನ್ನು ಸ್ಪಷ್ಟಪಡಿಸಿದರು. ಆದರೆ ಅಗ್ಗದ ಸಂಕಲನಗಳಲ್ಲಿ ‘ಮೂಲ ಕಲಾವಿದರಿಂದ ಮರುಧ್ವನಿಮುದ್ರಣ’ ಎಂಬ ಸಾಲು ಬೆನ್ನಿನ ಮೂಲೆಯಲ್ಲಿ ಇರುವೆ ಗಾತ್ರದಲ್ಲಿರುತ್ತದೆ. ಬೇರೆಯವರೇ ಹಾಡಿದ ವರ್ಷನ್ ಕ್ಯಾಸೆಟ್‌ಗಳಂತೂ ನಮ್ಮ ದೇಶದಲ್ಲಿ ಎಂಬತ್ತರ ದಶಕದಿಂದಲೇ ರಾಶಿ ರಾಶಿ ಬಂದಿವೆ.

ಇವನ್ನು ಹಿಡಿಯಲು ವೃತ್ತದೊಳಗಿನ ‘ಪಿ’ ಚಿಹ್ನೆ ನೋಡಿ. ಅದರ ಪಕ್ಕದ ಇಸವಿ ಆ ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷ. ವೃತ್ತದೊಳಗಿನ ‘ಸಿ’ ಚಿಹ್ನೆ ರಟ್ಟಿನ ಚಿತ್ರ, ಬರಹದ್ದು, ಅದನ್ನು ನಂಬಿ ಕೂರಬೇಡಿ. 1984ರ ಹಾಡಿಗೆ ‘ಪಿ’ 2004 ಎಂದಿದ್ದು, ಕಂಪನಿಯ ಹೆಸರೂ ಬೇರೆಯಾಗಿದ್ದರೆ ಅದು ಮತ್ತೆ ಹಾಡಿದ್ದಿರುವ ಸಂಭವ ಹೆಚ್ಚು. ಇಡೀ ಸಂಕಲನಕ್ಕೆ ಒಂದೇ ಹೊಸ ಇಸವಿ ಹಾಕುವ ಕಂಪನಿಗಳೂ ಇವೆ, ಆದ್ದರಿಂದ ಕಿವಿಯಿಂದ ಖಚಿತಪಡಿಸಿಕೊಳ್ಳಿ. ಆಡಾಸಿಟಿಯಲ್ಲಿ ಮೂಲವನ್ನು ಪೂರ್ತಿ ಎಡಕ್ಕೆ, ಅನುಮಾನದ ರೂಪವನ್ನು ಪೂರ್ತಿ ಬಲಕ್ಕೆ ಸರಿಸಿ, ಮೊದಲ ಪದ ಒಟ್ಟಿಗೆ ಬೀಳುವಂತೆ ಜೋಡಿಸಿ, ಇಯರ್‌ಫೋನಿನಲ್ಲಿ ಕೇಳಿ. ಒಂದೇ ಹಾಡಿಕೆಯಾದರೆ ದನಿ ತಲೆಯ ನಡುವೆ ಬಂದು ಕೂರುತ್ತದೆ, ವೇಗದ ವ್ಯತ್ಯಾಸವಿದ್ದರೆ ಮೆಲ್ಲನೆ ಜಾರುತ್ತದೆ. ಬೇರೆ ಹಾಡಿಕೆಯಾದರೆ ಮೊದಲ ಸಾಲಿನಲ್ಲೇ ಇಬ್ಬರು ಹಾಡಿದಂತಾಗುತ್ತದೆ. ಎಷ್ಟೇ ಅನುಭವಿ ಗಾಯಕರಾದರೂ ಉಸಿರು ಎಳೆಯುವ ಜಾಗ, ‘ಸ’ಕಾರ ಕೊನೆಗೊಳಿಸುವ ರೀತಿ ಎರಡನೇ ಸಲ ಹಾಗೇ ಬರುವುದಿಲ್ಲ. ವಯಸ್ಸಾದ ಮೇಲೆ ಹಾಡಿದ್ದು ಒಂದು ಮನೆ ಕೆಳಗಿನ ಶ್ರುತಿಯಲ್ಲಿರುವುದೂ ಉಂಟು.

ನೀವು ಏನು ಕೊಳ್ಳಬೇಕು? ಈ ಸಿಡಿಯನ್ನು ಬಿಸಾಡಬೇಡಿ. ಹಿಟ್ ರೂಪಗಳ ಸಂಗ್ರಹವಾಗಿ ಅದು ಒಳ್ಳೆಯ ಕೆಲಸ, ಕ್ಯೂಸೌಂಡ್ ಮಿಕ್ಸ್‌ಗಳು ಮೂಲ ಆಲ್ಬಂಗಳಲ್ಲಿ ಇಲ್ಲ. ಆದರೆ ನಿಮಗೆ ಬೇಕಾದದ್ದು ಆಲ್ಬಂ ರೂಪ. ಅದಕ್ಕೆ ಇನ್ನೊಂದು ಸಂಕಲನ ಹುಡುಕುವುದು ದಾರಿಯಲ್ಲ, 1983ರ ‘ಮಡೋನಾ’, 1984ರ ‘ಲೈಕ್ ಎ ವರ್ಜಿನ್’, 1986ರ ‘ಟ್ರೂ ಬ್ಲೂ’ ಮತ್ತು 1989ರ ‘ಲೈಕ್ ಎ ಪ್ರೇಯರ್’, ಈ ನಾಲ್ಕು ಆಲ್ಬಂಗಳನ್ನೇ ಕೊಳ್ಳಿ. ಮೊದಲ ಮೂರು 2001ರಲ್ಲಿ ರೀಮಾಸ್ಟರ್ ಆಗಿ (ಸದ್ದನ್ನು ಮತ್ತೆ ಹದಗೊಳಿಸಿ), ತಲಾ ಎರಡು ಹೆಚ್ಚುವರಿ ಟ್ರ್ಯಾಕಿನೊಂದಿಗೆ ಬಂದಿವೆ. ಹಳೆಯ ಮುದ್ರಣ, ರೀಮಾಸ್ಟರ್ ಎರಡೂ ಕೈಗೆ ಸಿಕ್ಕರೆ ನಾನು ಎಂಬತ್ತರ ದಶಕದ ಮುದ್ರಣವನ್ನೇ ಆರಿಸಲು ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಯಿಂದ ಸಿಡಿಗಳನ್ನು ಜೋರಾಗಿ ಕೇಳಿಸುವಂತೆ ಒತ್ತುವ ಚಾಳಿ ಬೆಳೆಯಿತು. ಮೆಲುದನಿ, ಜೋರುದನಿಗಳ ನಡುವಿನ ಅಂತರ ಕುಗ್ಗಿದಾಗ ಡ್ರಮ್ಮಿನ ಪೆಟ್ಟು ಮೊಂಡಾಗುತ್ತದೆ. ಹೋಲಿಸುವಾಗ ಮಾತ್ರ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ.

ಆ್ಯಪಿನಲ್ಲಿ ಕೇಳುವುದಾದರೆ ಹಾಡಿನ ಹೆಸರು ಹುಡುಕಿ ಮೊದಲು ಸಿಕ್ಕದ್ದನ್ನು ಒತ್ತಬೇಡಿ. ಕಲಾವಿದರ ಪುಟಕ್ಕೆ ಹೋಗಿ, ಮೂಲ ಆಲ್ಬಂ ತೆರೆದು, ಹಾಡಿನ ಪಕ್ಕದ ನಿಮಿಷ–ಸೆಕೆಂಡ್ ನೋಡಿ ನಿಮ್ಮ ಪ್ಲೇಲಿಸ್ಟಿಗೆ ಹಾಕಿ. ‘ಹಾಲಿಡೇ’ 6 ನಿಮಿಷ ಮೀರಿದ್ದರೆ ನಿಮ್ಮದೇ. ಹೀಗೆ ಒಂದೊಂದೇ ಹಾಡು ಸೇರಿಸಿದರೆ ನಿಮ್ಮ ಕ್ಯಾಸೆಟ್ ದಿನಗಳ ಗ್ರೇಟೆಸ್ಟ್ ಹಿಟ್ಸ್ ತಯಾರು. ಒಂದು ಹಾಡು ಮೆಲ್ಲಗೆ, ಇನ್ನೊಂದು ಜೋರಾಗಿ ಬಂದು ಕಿರಿಕಿರಿಯಾದರೆ ಆ್ಯಪಿನಲ್ಲಿ ವಾಲ್ಯೂಮ್ ಸಮಗೊಳಿಸುವ ಸೆಟ್ಟಿಂಗ್ ಇದೆ, ಆನ್ ಮಾಡಿ.

ಕೊನೆಗೆ ಬೂಷ್ಟು ಹಿಡಿದ ಕ್ಯಾಸೆಟ್. ಈ ಹಾಡುಗಳು ಇಂದಿಗೂ ಅಂಗಡಿಯಲ್ಲಿ, ಆ್ಯಪಿನಲ್ಲಿ ಸಿಗುವುದರಿಂದ ಮಡೋನಾ ಕ್ಯಾಸೆಟ್‌ಗಾಗಿ ಇಷ್ಟು ಶ್ರಮ ಬೇಕಿಲ್ಲ. ಆದರೆ ಅದೇ ಡಬ್ಬಿಯಲ್ಲಿ ಮನೆಯವರ ದನಿ, ಕನ್ನಡ ಸಂಘದ ಕಾರ್ಯಕ್ರಮ, ಎಲ್ಲೂ ಮರುಮುದ್ರಣವಾಗದ ಭಾವಗೀತೆ ಇದ್ದರೆ ಖಂಡಿತ ಮಾಡಿ. ಗಾಳಿಯ ತೇವ ಶೇ 65 ದಾಟಿದ ಕಪಾಟಿನಲ್ಲಿ ಬೂಷ್ಟು ಬೆಳೆಯುತ್ತದೆ. ಪುಣೆಯ ಮಳೆಗಾಲದಲ್ಲಿ ಇದು ಸಾಮಾನ್ಯ, ಸಮುದ್ರದ ಗಾಳಿಯ ಮುಂಬಯಿ, ವಾಸ್ಕೋಗಳಲ್ಲಿ ಇನ್ನೂ ಹೆಚ್ಚು. ಹಾಗೇ ಪ್ಲೇಯರಿಗೆ ಹಾಕಿದರೆ ಬೂಷ್ಟಿನ ಪುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಮೊದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದು ವಾರ ಒಣಗಿಸಿ. ಬಿಸಿಲಿಗೆ ಬೇಡ. ಮೂಗಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ, ಐದು ಸ್ಕ್ರೂಗಳ ಕ್ಯಾಸೆಟ್ ಆದರೆ ಬಿಚ್ಚಿ, ಸುರುಳಿಯ ಅಂಚಿನ ಬಿಳಿ ಪುಡಿಯನ್ನು ಒಣ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಟೇಪಿಗೆ ನೀರು, ಸ್ಪಿರಿಟ್ ಸೋಕಿಸಬೇಡಿ. ಅಂಟಿಸಿದ ಕ್ಯಾಸೆಟ್ ಆದರೆ ಜೋಡಣೆಯ ಗೆರೆಯಲ್ಲಿ ಬ್ಲೇಡು ತೂರಿಸಿ ನಿಧಾನ ಬಿಡಿಸಿ, ಸುರುಳಿಗಳನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ವರ್ಗಾಯಿಸಿ. ಟೇಪಿನ ಹಿಂದೆ ತಾಮ್ರಬಣ್ಣದ ಪಟ್ಟಿಯ ಮೇಲಿರುವ ಪುಟ್ಟ ಫೆಲ್ಟ್ ತುಂಡು ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ, ಕವಚ ಬದಲಿಸಿದಾಗ ಅದೂ ಸರಿಹೋಗುತ್ತದೆ.

ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ರಬ್ಬರ್ ರೋಲರನ್ನು ಸೋಪು ಬೆರೆಸಿದ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಟೇಪನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೆ ಓಡಿಸಿ ಹಿಂದಕ್ಕೆ ಸುತ್ತಿದರೆ ಬಿಗಿ ಸಮನಾಗುತ್ತದೆ. ಹಾಡು ಓಡುತ್ತಿರುವಾಗ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ‘ಸ’ಕಾರ ಅತಿ ಚುರುಕಾಗಿ ಕೇಳಿಸುವ ಜಾಗದಲ್ಲಿ ನಿಲ್ಲಿಸಿ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಲ್ಯಾಪ್‌ಟಾಪಿನ ಮೈಕ್ ತೂತಿಗೆ ತಂತಿ ಚುಚ್ಚಬೇಡಿ, ಅದು ಸಾಮಾನ್ಯವಾಗಿ ಮೋನೊ, ಸದ್ದನ್ನು ಅತಿಯಾಗಿ ಏರಿಸಿ ಒಡೆಯುತ್ತದೆ. ಪ್ಲೇಯರಿನ ಸದ್ದನ್ನು ನೇರ ತೆಗೆದುಕೊಳ್ಳುವ ಲೈನ್-ಇನ್ ತೂತು ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಅತಿ ಜೋರಿನ ಭಾಗ ಮೈನಸ್ 6 ಡೆಸಿಬೆಲ್ ದಾಟದಂತೆ ಹೊಂದಿಸಿ ರೆಕಾರ್ಡ್ ಮಾಡಿ. ಆಮೇಲೆ ಆಡಾಸಿಟಿಯಲ್ಲಿ ವೇಗ ಸರಿಪಡಿಸಿ: ಮೇಲಿನ ಲೆಕ್ಕದಂತೆ 200ಕ್ಕೆ 194 ಬಂದಿದ್ದರೆ ಮೈನಸ್ 3. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇರೆ ಇದೆ, ಅದು ಬೇಡ, ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವುದನ್ನೇ ಆರಿಸಿ. ಸರಿಪಡಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೊದಲು ತೆಗೆದ ಫೈಲನ್ನು ಹಾಗೇ ಇಡಿ. ಲೆಕ್ಕ ತಪ್ಪಿದ್ದರೆ ಮತ್ತೆ ಅದರಿಂದಲೇ ಶುರು ಮಾಡಬೇಕಾಗುತ್ತದೆ.